ಬಾಯಿಯ ಕಾವಲು ತಟ್ಟೆಯಲ್ಲಿದೆ: ವಸಡು, ಸೊಪ್ಪು, ನೆಲ್ಲಿಕಾಯಿ ಮತ್ತು ಎಲೆ-ಅಡಿಕೆ



"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಊಟ, ಮಾತು ಎರಡೂ ನಡೆಯುವುದು ಬಾಯಿಯಿಂದಲೇ. ಆದರೆ ಆ ಬಾಯಿಯ ಆರೋಗ್ಯದ ಬಗ್ಗೆ ನಾವು ಯೋಚಿಸುವುದು ಹಲ್ಲುನೋವು ಬಂದು ರಾತ್ರಿ ನಿದ್ದೆ ಕೆಟ್ಟಾಗ ಮಾತ್ರ. ನೋವು ಹೋದರೆ ಮತ್ತೆ ಮರೆತುಬಿಡುತ್ತೇವೆ.

ಮಲೆನಾಡಿನ ಒಂದು ಧರ್ಮಕೇಂದ್ರದ ಸಭಾಭವನದಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸಭೆ ನಡೆಯುತ್ತಿತ್ತು. ಉಳಿತಾಯ, ಸಾಲ, ಬಡ್ಡಿಯ ಲೆಕ್ಕ ಮುಗಿದ ಮೇಲೆ ಆರೋಗ್ಯದ ಮಾತಿಗೆ ಅರ್ಧ ಗಂಟೆ ಸಿಕ್ಕಿತು. "ಹಲ್ಲುಜ್ಜುವಾಗ ಯಾರಿಗೆಲ್ಲ ವಸಡಿನಲ್ಲಿ ರಕ್ತ ಬರುತ್ತದೆ?" ಎಂದು ಕೇಳಿದೆವು. ಮೊದಲು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಹಿಂದೆ ಕೂತಿದ್ದ ಅಕ್ಕ ಒಬ್ಬರು, "ಅದು ಎಲ್ರಿಗೂ ಬರ್ತದಲ್ಲ ಸಿಸ್ಟರ್, ಅದೆಂಥ ಕಾಯಿಲೆ?" ಅಂದರು. ಎಲ್ಲರೂ ನಕ್ಕರು. ನಗುತ್ತಲೇ ಅರ್ಧಕ್ಕಿಂತ ಹೆಚ್ಚು ಜನ ಕೈ ಎತ್ತಿದರು.

ಸಭೆ ಮುಗಿದ ಮೇಲೆ ಒಬ್ಬ ತಾಯಿ ಮಾತ್ರ ಹೋಗದೆ ನಿಂತಿದ್ದರು. ಅವರ ಯಜಮಾನರು ತೋಟದ ಕೆಲಸದವರು. ದವಡೆಯಲ್ಲಿ ಹೊಗೆಸೊಪ್ಪು ಇಟ್ಟುಕೊಳ್ಳುವ ಅಭ್ಯಾಸ ಇಪ್ಪತ್ತು ವರ್ಷದ್ದು. ಕೆನ್ನೆಯ ಒಳಗೆ ಬಿಳಿ ಮಚ್ಚೆ ಬಂದಿತ್ತು. ಪೇಟೆಯಲ್ಲಿ ಯಾರೋ, "ಇದರಲ್ಲಿ ಆಂಟಿಆಕ್ಸಿಡೆಂಟ್ ಇದೆ, ಕುಡಿದರೆ ಮಚ್ಚೆ ತಾನಾಗಿ ಹೋಗುತ್ತದೆ" ಎಂದು ಒಂದು ಜ್ಯೂಸ್ ಬಾಟಲಿ ಕೊಟ್ಟಿದ್ದರಂತೆ. ಬೆಲೆ ಸಾವಿರ ರೂಪಾಯಿಯ ಮೇಲೆ. ಸಂಘದಿಂದ ತೆಗೆದ ಸಾಲದಲ್ಲಿ ಆರು ತಿಂಗಳು ಕುಡಿದಾಯಿತು. ಹೊಗೆಸೊಪ್ಪು ಬಿಟ್ಟಿರಲಿಲ್ಲ, ಮಚ್ಚೆಯೂ ಹೋಗಿರಲಿಲ್ಲ. "ಇನ್ನೊಂದು ಬಾಟಲಿ ತರಲಾ ಸಿಸ್ಟರ್, ಅಥವಾ ಬೇಡ್ವಾ?" ಎಂದು ಕೇಳಲು ಅವರು ನಿಂತಿದ್ದರು.

ಆ ತಾಯಿಯ ಪ್ರಶ್ನೆಗೆ ಉತ್ತರವಾಗಿ ಈ ಲೇಖನ ಬರೆಯುತ್ತಿದ್ದೇವೆ. ಆಂಟಿಆಕ್ಸಿಡೆಂಟ್ ಎನ್ನುವುದು ಸುಳ್ಳಲ್ಲ. ಅದು ನಮ್ಮ ಹಿತ್ತಲಿನಲ್ಲೇ ಬೆಳೆಯುತ್ತದೆ, ಬಾಯಿಯನ್ನು ಕಾಯುತ್ತದೆ. ಆದರೆ ಅದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎನ್ನುವುದು ತಿಳಿಯದಿದ್ದರೆ ಹಣವೂ ಹೋಗುತ್ತದೆ, ಕೆಲವೊಮ್ಮೆ ಜೀವವೂ ಹೋಗುತ್ತದೆ.

ಆಂಟಿಆಕ್ಸಿಡೆಂಟ್ ಅಂದರೇನು?

ಬಾಳೆದಿಂಡು ಹೆಚ್ಚಿ ಹಾಗೇ ಇಟ್ಟರೆ ಸ್ವಲ್ಪ ಹೊತ್ತಿನಲ್ಲಿ ಕಪ್ಪಾಗುತ್ತದೆ. ಸೇಬು, ಬದನೆಕಾಯಿ ಕತೆಯೂ ಅಷ್ಟೇ. ಕತ್ತಿ ಮಳೆಗಾಲದಲ್ಲಿ ಹೊರಗೆ ಉಳಿದರೆ ತುಕ್ಕು ಹಿಡಿಯುತ್ತದೆ. ಇದೆಲ್ಲ ಗಾಳಿಯಲ್ಲಿರುವ ಆಮ್ಲಜನಕದ ಕೆಲಸ. ಹೆಚ್ಚಿದ ಸೇಬಿಗೆ ನಿಂಬೆರಸ ಸವರಿ ನೋಡಿ, ಕಪ್ಪಾಗುವುದು ತಡವಾಗುತ್ತದೆ. ನಿಂಬೆಯ ಹುಳಿ ಮತ್ತು ಅದರಲ್ಲಿರುವ ವಿಟಮಿನ್ 'ಸಿ' ಆಮ್ಲಜನಕದ ಕೆಲಸವನ್ನು ತಡೆಯುತ್ತವೆ.

ನಮ್ಮ ದೇಹದೊಳಗೂ ಇಂಥದ್ದೇ ನಡೆಯುತ್ತದೆ. ಆಮ್ಲಜನಕ ಇಲ್ಲದೆ ಬದುಕಿಲ್ಲ. ಆದರೆ ಅದನ್ನು ಬಳಸುವಾಗ, ಒಲೆಯಲ್ಲಿ ಸೌದೆ ಉರಿಯುವಾಗ ಕಿಡಿ ಹಾರುವ ಹಾಗೆ, ಕೆಲವು ಚುರುಕು ಕಣಗಳು ಹುಟ್ಟುತ್ತವೆ. ವೈದ್ಯರು ಇವನ್ನು 'ಫ್ರೀ ರ್‍ಯಾಡಿಕಲ್' ಎನ್ನುತ್ತಾರೆ. ಕಿಡಿ ಒಲೆಯೊಳಗೇ ಇದ್ದರೆ ತೊಂದರೆಯಿಲ್ಲ, ಹೊರಗೆ ಬಂದು ಬಟ್ಟೆಗೆ ಬಿದ್ದರೆ ತೂತು. ಈ ಕಿಡಿಗಳನ್ನು ಆರಿಸುವ ವಸ್ತುಗಳೇ ಆಂಟಿಆಕ್ಸಿಡೆಂಟ್‌ಗಳು. ಕನ್ನಡದಲ್ಲಿ 'ಉತ್ಕರ್ಷಣ ನಿರೋಧಕ' ಎಂದು ಬರೆಯುತ್ತಾರೆ. ಹೆಸರು ದೊಡ್ಡದು, ವಸ್ತು ಮಾತ್ರ ನಮಗೆ ಪರಿಚಯದ್ದೇ: ವಿಟಮಿನ್ 'ಸಿ', ವಿಟಮಿನ್ 'ಇ', ಸೊಪ್ಪು ಮತ್ತು ಹಳದಿ-ಕೆಂಪು ತರಕಾರಿಯ ಕ್ಯಾರೋಟಿನ್, ಟೊಮೆಟೊ ಹಣ್ಣಿನ ಲೈಕೋಪೀನ್, ಚಹಾ, ರಾಗಿ, ನೇರಳೆಯ ಒಗರು ಅಂಶ. ಕೆಲವನ್ನು ದೇಹವೇ ತಯಾರಿಸುತ್ತದೆ. ನಮ್ಮ ಎಂಜಲಿನಲ್ಲೇ ಅವು ಇರುತ್ತವೆ. ಆದರೆ ವಿಟಮಿನ್ 'ಸಿ'ಯನ್ನು ಮನುಷ್ಯನ ದೇಹ ತಯಾರಿಸಲಾರದು. ದಿನದಿನವೂ ತಿಂದೇ ಪಡೆಯಬೇಕು.

ಬಾಯಿಗೂ ಇದಕ್ಕೂ ಏನು ಸಂಬಂಧ?

ಹಲ್ಲು ಸರಿಯಾಗಿ ಉಜ್ಜದಿದ್ದರೆ ಹಲ್ಲು-ವಸಡು ಸೇರುವ ಜಾಗದಲ್ಲಿ ಬಿಳಿ ಪಾಚಿ ಕಟ್ಟುತ್ತದೆ. ಅದರ ತುಂಬಾ ರೋಗಾಣುಗಳು. ಅವನ್ನು ಕೊಲ್ಲಲು ರಕ್ತದ ಬಿಳಿ ಕಣಗಳು ಓಡಿ ಬರುತ್ತವೆ. ಅವುಗಳ ಕೈಯಲ್ಲಿರುವ ಆಯುಧವೇ ಆ ಕಿಡಿಗಳು! ರೋಗಾಣುಗಳ ಮೇಲೆ ಎಸೆದ ಕಿಡಿ ಪಕ್ಕದ ವಸಡಿಗೂ ತಾಗುತ್ತದೆ. ಪಾಚಿ ಅಲ್ಲೇ ಇದ್ದರೆ ಯುದ್ಧವೂ ಮುಗಿಯುವುದಿಲ್ಲ. ವಸಡು ಕೆಂಪಾಗಿ ಊದಿಕೊಳ್ಳುತ್ತದೆ, ಮುಟ್ಟಿದರೆ ರಕ್ತ. ಮುಂದೆ ಹಲ್ಲನ್ನು ಹಿಡಿದಿರುವ ನಾರು, ಎಲುಬು ಕರಗುತ್ತವೆ. ಹಲ್ಲು ಅಲ್ಲಾಡುತ್ತದೆ. ಹುಳುಕು ಇಲ್ಲದ ಗಟ್ಟಿ ಹಲ್ಲು ಐವತ್ತರ ಪ್ರಾಯದಲ್ಲಿ ಹಾಗೇ ಉದುರುವುದು ಹೆಚ್ಚಾಗಿ ಹೀಗೆಯೇ.

ಇಲ್ಲಿ ಆಂಟಿಆಕ್ಸಿಡೆಂಟ್‌ಗಳಿಗೆ ಎರಡು ಕೆಲಸ. ಒಂದು, ವಸಡಿಗೆ ತಾಗುವ ಕಿಡಿಯನ್ನು ಆರಿಸುವುದು. ಎರಡನೆಯದು ವಿಟಮಿನ್ 'ಸಿ'ಯದ್ದೇ ವಿಶೇಷ ಕೆಲಸ: ವಸಡನ್ನು, ಗಾಯದ ಹೊಸ ಚರ್ಮವನ್ನು, ಸಣ್ಣ ರಕ್ತನಾಳದ ಗೋಡೆಯನ್ನು ಗಟ್ಟಿ ಹಿಡಿಯುವ 'ಕೊಲಾಜೆನ್' ಎಂಬ ನಾರು ತಯಾರಾಗಬೇಕಾದರೆ ಅದು ಬೇಕೇ ಬೇಕು. ಮನೆ ಕಟ್ಟುವಾಗ ಗಾರೆ ಇದ್ದ ಹಾಗೆ. ಕಲ್ಲು ಎಷ್ಟಿದ್ದರೂ ಗಾರೆ ಇಲ್ಲದೆ ಗೋಡೆ ನಿಲ್ಲುವುದಿಲ್ಲ.

ಸಕ್ಕರೆ ಕಾಯಿಲೆ ಇರುವವರು ಇದನ್ನು ಇನ್ನೂ ಗಮನವಿಟ್ಟು ಓದಬೇಕು. ಸಕ್ಕರೆ ಏರಿದರೆ ವಸಡಿನ ರೋಗ ಏರುತ್ತದೆ. ವಸಡಿನ ರೋಗ ಏರಿದರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಎರಡಕ್ಕೂ ಒಟ್ಟಿಗೇ ಚಿಕಿತ್ಸೆಯಾಗಬೇಕು.

ನಾವಿಕರು ಕಲಿಸಿದ ಪಾಠ

ಹಿಂದೆ ತಿಂಗಳುಗಟ್ಟಲೆ ಸಮುದ್ರದಲ್ಲಿ ಹೋಗುವ ನಾವಿಕರಿಗೆ ಒಣ ರೊಟ್ಟಿ, ಉಪ್ಪು ಹಾಕಿದ ಮಾಂಸ ಇಷ್ಟೇ ಊಟ. ಅವರ ವಸಡು ಊದಿ, ರಕ್ತ ಸುರಿದು, ಹಲ್ಲು ಉದುರಿ, ಕಡೆಗೆ ಸಾಯುತ್ತಿದ್ದರು. ಇದಕ್ಕೆ 'ಸ್ಕರ್ವಿ' ಎಂದು ಹೆಸರು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯರು 'ಸಾಲಿಸ್‌ಬರಿ' ಎಂಬ ಬ್ರಿಟಿಷ್ ಯುದ್ಧನೌಕೆಯಲ್ಲಿ 12 ರೋಗಿಗಳನ್ನು ಇಬ್ಬಿಬ್ಬರಂತೆ ವಿಂಗಡಿಸಿ, ಪ್ರತಿ ಜೋಡಿಗೂ ಬೇರೆ ಬೇರೆ ಮದ್ದು ಕೊಟ್ಟು ನೋಡಿದರು. ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆಹಣ್ಣು ತಿಂದ ಜೋಡಿ ಎಲ್ಲರಿಗಿಂತ ಬೇಗ ಚೇತರಿಸಿಕೊಂಡಿತು. ಅವರಲ್ಲಿ ಒಬ್ಬ ಆರನೆಯ ದಿನಕ್ಕೇ ಕೆಲಸಕ್ಕೆ ಹೋಗುವಷ್ಟಾದ. ಹಣ್ಣಿನಲ್ಲಿದ್ದ ಆ ವಸ್ತು ವಿಟಮಿನ್ 'ಸಿ' ಎಂದು ತಿಳಿಯಲು ಮತ್ತೆ ಸುಮಾರು 180 ವರ್ಷ ಬೇಕಾಯಿತು. ಅದನ್ನು ಬೇರ್ಪಡಿಸಿದ ಹಂಗೆರಿಯ ವಿಜ್ಞಾನಿ ಆಲ್ಬರ್ಟ್ ಸೆಂಟ್-ಜ್ಯೋರ್ಜಿ ಅವರಿಗೆ 1937ರಲ್ಲಿ ನೊಬೆಲ್ ಬಹುಮಾನ ಬಂತು.

ಹಾಗಾದರೆ ನಮ್ಮ ಸಭೆಯಲ್ಲಿ ಕೈ ಎತ್ತಿದವರಿಗೆಲ್ಲ ಸ್ಕರ್ವಿಯೇ? ಅಲ್ಲ. ನಮ್ಮಲ್ಲಿ ವಸಡಿನ ರಕ್ತಕ್ಕೆ ಹೆಚ್ಚಾಗಿ ಕಾರಣ ಪಾಚಿ ಮತ್ತು ಅದು ಗಟ್ಟಿಯಾಗಿ ಆದ ಹಲ್ಲುಗಾರೆ. ಊಟದಲ್ಲಿ ಹಣ್ಣು-ಸೊಪ್ಪು ಕಡಿಮೆಯಾದರೆ ಅದೇ ರೋಗ ಬೇಗ ಜೋರಾಗುತ್ತದೆ.

ಜರ್ಮನಿಯ ಯೇನಾ ಊರಿನ ದಂತವೈದ್ಯರು 2005ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ವಸಡಿನ ರೋಗವಿದ್ದವರಿಗೆ ಎರಡು ವಾರ ದಿನಕ್ಕೆ ಎರಡು ಚಕೋತದಂಥ ಹುಳಿಹಣ್ಣು ಕೊಟ್ಟರು. ರಕ್ತದಲ್ಲಿ ವಿಟಮಿನ್ 'ಸಿ' ಏರಿತು, ವಸಡಿನಿಂದ ರಕ್ತ ಬರುವುದು ಕಡಿಮೆಯಾಯಿತು. ಆದರೆ ಹಲ್ಲಿನ ಪಾಚಿ ಹಾಗೇ ಇತ್ತು. ವಸಡು-ಹಲ್ಲಿನ ನಡುವೆ ಬಿದ್ದ ಸಂದಿಯ ಆಳವೂ ಹಾಗೇ ಇತ್ತು. ಅಂದರೆ ಹಣ್ಣು ವಸಡಿಗೆ ಬಲ ಕೊಡುತ್ತದೆ, ಬ್ರಷ್ಷಿನ ಕೆಲಸ ಮಾಡುವುದಿಲ್ಲ. ಎರಡೂ ಬೇಕು.

ನಮ್ಮ ಹಿತ್ತಲಲ್ಲಿ ಏನೇನಿದೆ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಸಲಹೆಯಂತೆ ದಿನಕ್ಕೆ ಗಂಡಸರಿಗೆ 80 ಮಿಲಿಗ್ರಾಂ, ಹೆಂಗಸರಿಗೆ 65 ಮಿಲಿಗ್ರಾಂ ವಿಟಮಿನ್ 'ಸಿ' ಬೇಕು. ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಇನ್ನೂ ಹೆಚ್ಚು. ಇದಕ್ಕೆ ದುಬಾರಿ ಹಣ್ಣೇನೂ ಬೇಡ.

ಬೆಟ್ಟದ ನೆಲ್ಲಿಕಾಯಿ: 100 ಗ್ರಾಂನಲ್ಲಿ ಸುಮಾರು 250 ಮಿಲಿಗ್ರಾಂ. ದಿನಕ್ಕೆ ಒಂದೆರಡು ಕಾಯಿ ಸಾಕು.

ಸೀಬೆ (ಪೇರಳೆ): 100 ಗ್ರಾಂನಲ್ಲಿ 200 ಮಿಲಿಗ್ರಾಂಗಿಂತ ಹೆಚ್ಚು. ಒಂದು ಹಣ್ಣಿನಲ್ಲಿ ದಿನದ ಅಗತ್ಯ ಪೂರೈಸಿ ಮಿಗುತ್ತದೆ. ಪೇಟೆಯ ಸೇಬು ಈ ವಿಷಯದಲ್ಲಿ ಸೀಬೆಯ ಹತ್ತಿರಕ್ಕೂ ಬರುವುದಿಲ್ಲ.

ನುಗ್ಗೆಸೊಪ್ಪು: ಹಸಿ ಸೊಪ್ಪಿನ 100 ಗ್ರಾಂನಲ್ಲಿ ಸುಮಾರು 100 ಮಿಲಿಗ್ರಾಂ. ಬೇಯಿಸಿದಾಗ ಸ್ವಲ್ಪ ಹೋಗುತ್ತದೆ, ಆದರೂ ಉಳಿಯುತ್ತದೆ. ಜೊತೆಗೆ ಕ್ಯಾರೋಟಿನ್ ಇದೆ.

ನಿಂಬೆ, ಪಪ್ಪಾಯಿ, ಕಿತ್ತಳೆ, ಚಕೋತ, ಟೊಮೆಟೊ, ಹಸಿಮೆಣಸು: ಎಲ್ಲದರಲ್ಲೂ ವಿಟಮಿನ್ 'ಸಿ' ಇದೆ.

ಹರಿವೆ, ಬಸಳೆ, ಸಿಹಿಗುಂಬಳ, ಕ್ಯಾರೆಟ್, ಮಾವು: ಕ್ಯಾರೋಟಿನ್. ಬಾಯಿಯ ಒಳಗಿನ ತೆಳು ಚರ್ಮ ಆರೋಗ್ಯವಾಗಿರಲು ಇದು ಬೇಕು.

ಕಡಲೆಕಾಯಿ, ಸೂರ್ಯಕಾಂತಿ ಎಣ್ಣೆ: ವಿಟಮಿನ್ 'ಇ'.

ರಾಗಿ, ನೇರಳೆ, ಪುನರ್ಪುಳಿ, ಅರಿಶಿನ: ಇವುಗಳ ಬಣ್ಣದಲ್ಲೇ ಆಂಟಿಆಕ್ಸಿಡೆಂಟ್ ಇದೆ. ರಾಗಿಯಲ್ಲಿ ಅದು ಹೆಚ್ಚಾಗಿರುವುದು ಕಂದು ಸಿಪ್ಪೆಯಲ್ಲಿ. ಆದ್ದರಿಂದ ಹಿಟ್ಟನ್ನು ತೀರಾ ಜರಡಿ ಹಿಡಿದು ಬಿಳಿ ಮಾಡಬೇಡಿ.

ಇಷ್ಟು ಪಟ್ಟಿ ನೆನಪಿಡುವುದು ಕಷ್ಟವಾದರೆ ಒಂದೇ ಮಾತು ನೆನಪಿಡಿ: ತಟ್ಟೆಯಲ್ಲಿ ಬಿಳಿ ಅನ್ನದ ಪಕ್ಕ ದಿನವೂ ಒಂದು ಹಸಿರು, ಒಂದು ಹಳದಿ ಅಥವಾ ಕೆಂಪು, ಒಂದು ಹುಳಿ ಇರಲಿ. ಬರೀ ಅನ್ನ, ಸಾರು, ಒಣಮೀನು ಅಂದರೆ ಹೊಟ್ಟೆ ತುಂಬುತ್ತದೆ, ವಸಡಿಗೆ ಗಾರೆ ಸಿಗುವುದಿಲ್ಲ.

ಅಡುಗೆಮನೆಯಲ್ಲಿ ಕಳೆದುಕೊಳ್ಳಬೇಡಿ

ವಿಟಮಿನ್ 'ಸಿ' ತುಂಬಾ ನಾಜೂಕು. ನೀರಲ್ಲಿ ಕರಗಿ ಹೋಗುತ್ತದೆ, ಬಿಸಿಗೆ ಹಾಳಾಗುತ್ತದೆ, ಗಾಳಿಗೂ ಹಾಳಾಗುತ್ತದೆ. ಆದ್ದರಿಂದ ಸೊಪ್ಪನ್ನು ತೊಳೆದು ಆಮೇಲೆ ಹೆಚ್ಚಿ, ಹೆಚ್ಚಿ ಆಮೇಲೆ ತೊಳೆಯಬೇಡಿ. ಅಡುಗೆಗೆ ಹೊತ್ತಿಗೆ ಸರಿಯಾಗಿ ಹೆಚ್ಚಿ. ಕಡಿಮೆ ನೀರು, ಮೇಲೆ ಮುಚ್ಚಳ, ಸ್ವಲ್ಪವೇ ಹೊತ್ತು ಬೇಯಿಸಿ. ಬೆಂದ ನೀರನ್ನು ಚೆಲ್ಲದೆ ಬಸ್ಸಾರು ಮಾಡಿ. ಸೊಪ್ಪು ಹಸಿರಾಗಿ ಕಾಣಲಿ ಎಂದು ಅಡುಗೆ ಸೋಡಾ ಹಾಕಬೇಡಿ, ಅದು ವಿಟಮಿನ್ನನ್ನು ಕೊಲ್ಲುತ್ತದೆ. ನಿಂಬೆರಸವನ್ನು ಪಾತ್ರೆ ಒಲೆಯಿಂದ ಇಳಿಸಿದ ಮೇಲೆ ಹಿಂಡಿ.

ಕ್ಯಾರೋಟಿನ್, ಲೈಕೋಪೀನ್ ಕತೆ ಇದಕ್ಕೆ ವಿರುದ್ಧ. ಅವಕ್ಕೆ ಬೆಂಕಿ ಮತ್ತು ಸ್ವಲ್ಪ ಎಣ್ಣೆ ಬೇಕು. ಎಣ್ಣೆಯ ಒಗ್ಗರಣೆ ಹಾಕಿದ ಹರಿವೆ ಪಲ್ಯ, ಬೇಯಿಸಿದ ಟೊಮೆಟೊ ಗೊಜ್ಜು ಇವುಗಳಿಂದ ದೇಹಕ್ಕೆ ಅವು ಹೆಚ್ಚು ಸಿಗುತ್ತವೆ. ನಮ್ಮ ಅಮ್ಮಂದಿರು ಮಾಡಿದ್ದು ಸರಿಯೇ ಇತ್ತು.

ಹೆಸರುಕಾಳು, ಹುರುಳಿಕಾಳು ಮೊಳಕೆ ಬರಿಸಿದರೆ ಅದರಲ್ಲಿ ವಿಟಮಿನ್ 'ಸಿ' ಹೊಸದಾಗಿ ಹುಟ್ಟುತ್ತದೆ. ತರಕಾರಿ ಸಿಗದ ಜೋರು ಮಳೆಯ ದಿನಗಳಲ್ಲಿ ಇದು ಒಳ್ಳೆ ಉಪಾಯ. ವಿಟಮಿನ್ 'ಸಿ' ಇದ್ದರೆ ಸೊಪ್ಪು-ಕಾಳಿನ ಕಬ್ಬಿಣಾಂಶವೂ ಚೆನ್ನಾಗಿ ಮೈಗೆ ಹತ್ತುತ್ತದೆ. ರಕ್ತಹೀನತೆ ಇರುವ ಹೆಂಗಸರ ನಾಲಿಗೆ ಬಿಳಿಚಿ, ನುಣ್ಣಗಾಗಿ ಉರಿಯುವುದು ಉಂಟು. ಊಟದ ಜೊತೆ ನಿಂಬೆ ಇರಲಿ. ಚಹಾ-ಕಾಫಿ ಊಟದ ಜೊತೆ ಬೇಡ, ಒಂದು ಗಂಟೆ ಬಿಟ್ಟು ಕುಡಿಯಿರಿ.

ಒಂದೆರಡು ಎಚ್ಚರಿಕೆ. ನಿಂಬೆಹೋಳಿನಿಂದ ಹಲ್ಲು ತಿಕ್ಕಬೇಡಿ, ಹುಳಿ ಹಲ್ಲಿನ ಮೇಲ್ಪದರವನ್ನು ಕರಗಿಸುತ್ತದೆ. ಹುಳಿ ತಿಂದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿ, ಕೂಡಲೇ ಬ್ರಷ್ ಮಾಡಬೇಡಿ, ಅರ್ಧ ಗಂಟೆ ತಡೆಯಿರಿ. ನೆಲ್ಲಿಕಾಯಿ ಮೊರಬ್ಬ, ಕ್ಯಾಂಡಿ ಅಂತ ಮಕ್ಕಳಿಗೆ ದಿನವೂ ಕೊಟ್ಟರೆ ಹಲ್ಲಿಗೆ ಅಂಟುವ ಸಕ್ಕರೆಯಿಂದ ಹುಳುಕು ಬರುತ್ತದೆ. ಉಪ್ಪು ಹಚ್ಚಿದ ನೆಲ್ಲಿಕಾಯಿಯೇ ಒಳ್ಳೆಯದು.

ಎಲೆ-ಅಡಿಕೆ, ಹೊಗೆಸೊಪ್ಪಿನ ಮಾತು

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಇದನ್ನು ಹೇಳದೆ ಬರೀ ನೆಲ್ಲಿಕಾಯಿಯ ಗುಣಗಾನ ಮಾಡಿದರೆ ನಾವು ನಿಮಗೆ ಮೋಸ ಮಾಡಿದ ಹಾಗೆ.

"ಅಡಿಕೆಯಲ್ಲೂ ಆಂಟಿಆಕ್ಸಿಡೆಂಟ್ ಇದೆಯಂತಲ್ಲ?" ಎಂದು ಕೆಲವರು ಕೇಳುತ್ತಾರೆ. ಅಡಿಕೆಯ ಒಗರಿನಲ್ಲಿ ಅಂಥ ವಸ್ತು ಇರುವುದು ನಿಜ. ಆದರೆ ಸುಣ್ಣ ಸೇರಿಸಿ ಜಗಿದಾಗ ಅದೇ ಒಗರು ತಿರುಗಿ ಬೀಳುತ್ತದೆ. ಸುಣ್ಣದ ಖಾರಕ್ಕೆ ಅದು ಕಿಡಿಯನ್ನು ಆರಿಸುವ ಬದಲು ತಾನೇ ಕಿಡಿ ಹುಟ್ಟಿಸುತ್ತದೆ. ಅದೂ ಕೆನ್ನೆಯ ತೆಳು ಚರ್ಮಕ್ಕೆ ಒತ್ತಿಕೊಂಡು, ದಿನಕ್ಕೆ ಹತ್ತಾರು ಸಲ. ಇನ್ನು ಅಡಿಕೆಯಲ್ಲಿರುವ 'ಅರೆಕೊಲಿನ್' ಎಂಬ ಅಂಶ ಕೆನ್ನೆಯೊಳಗೆ ಬೇಡದ ನಾರನ್ನು ಬೆಳೆಸುತ್ತದೆ. ಕೆನ್ನೆ ಒಣಗಿದ ತೊಗಲಿನ ಹಾಗೆ ಬಿಗಿಯುತ್ತದೆ. ಮೊದಲು ಖಾರ ತಿಂದರೆ ಉರಿ, ಆಮೇಲೆ ಬಾಯಿ ತೆರೆಯುವುದೇ ಕಷ್ಟ. ಇದಕ್ಕೆ ವೈದ್ಯರು 'ಸಬ್‌ಮ್ಯೂಕಸ್ ಫೈಬ್ರೋಸಿಸ್' ಎನ್ನುತ್ತಾರೆ. ಒಮ್ಮೆ ಬಿಗಿದ ಕೆನ್ನೆ ಪೂರ್ತಿ ಮೊದಲಿನ ಹಾಗೆ ಆಗುವುದಿಲ್ಲ, ಮತ್ತು ಇದು ಕ್ಯಾನ್ಸರಿಗೆ ತಿರುಗಬಹುದು.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊಗೆಸೊಪ್ಪು ಸೇರಿಸದಿದ್ದರೂ ಅಡಿಕೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಹೇಳಿದೆ. ಹೊಗೆಸೊಪ್ಪು, ಕಡ್ಡಿಪುಡಿ, ಜರ್ದಾ ಸೇರಿದರೆ ಅಪಾಯ ಇನ್ನೂ ಹಲವು ಪಟ್ಟು. 2016-17ರ ರಾಷ್ಟ್ರೀಯ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ನೂರಕ್ಕೆ 28.6 ಜನ, ಕರ್ನಾಟಕದಲ್ಲಿ ನೂರಕ್ಕೆ 22.8 ಜನ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. 2022ರ ಅಂದಾಜಿನಲ್ಲಿ ಭಾರತದ ಗಂಡಸರಿಗೆ ಬಂದ ಕ್ಯಾನ್ಸರುಗಳಲ್ಲಿ ಮೊದಲ ಸ್ಥಾನ ತುಟಿ ಮತ್ತು ಬಾಯಿಯ ಕ್ಯಾನ್ಸರಿನದ್ದು. ಗುಟ್ಕಾವನ್ನು ನಮ್ಮ ರಾಜ್ಯದಲ್ಲಿ 2013ರಲ್ಲೇ ನಿಷೇಧಿಸಲಾಯಿತು. ಆಮೇಲೆ ಮಸಾಲ ಒಂದು ಪೊಟ್ಟಣ, ತಂಬಾಕು ಒಂದು ಪೊಟ್ಟಣ ಎಂದು ಬೇರೆ ಬೇರೆಯಾಗಿ ಅಂಗಡಿಗೆ ಬಂತು. ಪೊಟ್ಟಣ ಎರಡಾದರೂ ಬಾಯಿ ಒಂದೇ.

ಬೀಡಿ-ಸಿಗರೇಟು ಸೇದುವವರಿಗೂ ಒಂದು ಮಾತು. ಹೊಗೆ ದೇಹದ ವಿಟಮಿನ್ 'ಸಿ'ಯನ್ನು ಬೇಗ ಖಾಲಿ ಮಾಡುತ್ತದೆ. ಸೇದುವವರ ವಸಡಿನಲ್ಲಿ ರಕ್ತ ಕಡಿಮೆ ಕಾಣುತ್ತದೆ. "ನಂಗೇನೂ ತೊಂದರೆ ಇಲ್ಲ" ಎಂದು ಅವರು ಅಂದುಕೊಳ್ಳುತ್ತಾರೆ. ರೋಗ ಒಳಗೊಳಗೇ ಬೆಳೆದು ಹಲ್ಲು ಅಲ್ಲಾಡಿದಾಗಲೇ ಗೊತ್ತಾಗುವುದು.

ಅಡಿಕೆ ನಮ್ಮಲ್ಲಿ ಅನೇಕರ ಅನ್ನ ಎನ್ನುವುದು ನಮಗೆ ಗೊತ್ತು. ತೋಟ ಇದ್ದವರೂ ಇದ್ದೀರಿ, ಕೊನೆ ತೆಗೆಯುವವರೂ, ಸುಲಿಯುವವರೂ ಇದ್ದೀರಿ. ಮದುವೆ, ನಿಶ್ಚಿತಾರ್ಥದಲ್ಲಿ ತಟ್ಟೆಯಲ್ಲಿ ಇಟ್ಟು ಕೊಡುವ ಎಲೆ-ಅಡಿಕೆ ಒಂದು ಗೌರವ. ಆ ಗೌರವದ ಬಗ್ಗೆ ನಮಗೆ ತಕರಾರಿಲ್ಲ. ಆದರೆ ಸುಲಿಯಲು ಕೂತಾಗ ಬಾಯಿಗೊಂದು ಹೋಳು, ಚಳಿಗೊಂದು, ಹಸಿವು ತಡೆಯಲು ಒಂದು, ಹೀಗೆ ದಿನವಿಡೀ ದವಡೆಯಲ್ಲಿ ಇಟ್ಟುಕೊಳ್ಳುವುದು ಗೌರವವಲ್ಲ, ಚಟ. ಮನೆಯ ಮಕ್ಕಳು ಅದನ್ನು ನೋಡಿಯೇ ಕಲಿಯುತ್ತಾರೆ.

ಮಾತ್ರೆ, ಬಾಟಲಿ ತೆಗೆದುಕೊಂಡರೆ?

ಆ ತಾಯಿಯ ಪ್ರಶ್ನೆ ಇದೇ ತಾನೇ. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದ ವೈದ್ಯರು ಇದನ್ನು ಪರೀಕ್ಷೆ ಮಾಡಿ 1997ರಲ್ಲಿ ಪ್ರಕಟಿಸಿದ್ದಾರೆ. ಬಾಯಲ್ಲಿ ಬಿಳಿ ಮಚ್ಚೆ ಇದ್ದವರಿಗೆ ಒಂದು ವರ್ಷ ವಿಟಮಿನ್ 'ಎ' ಅಥವಾ ಬೀಟಾ ಕ್ಯಾರೋಟಿನ್ ದೊಡ್ಡ ಪ್ರಮಾಣದಲ್ಲಿ ಕೊಟ್ಟು ನೋಡಿದರು. ವಿಟಮಿನ್ 'ಎ' ತೆಗೆದುಕೊಂಡವರಲ್ಲಿ ಅರ್ಧದಷ್ಟು ಜನರಿಗೆ, ಕ್ಯಾರೋಟಿನ್ ತೆಗೆದುಕೊಂಡವರಲ್ಲಿ ಮೂರನೇ ಒಂದು ಪಾಲು ಜನರಿಗೆ ಮಚ್ಚೆ ಹೋಯಿತು. ಕೇಳಲು ಸಂತೋಷ. ಆದರೆ ಔಷಧಿ ನಿಲ್ಲಿಸಿದ ಮೇಲೆ ವಾಸಿಯಾದವರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಜನರಿಗೆ ಮಚ್ಚೆ ಮರಳಿ ಬಂತು. ಅಷ್ಟು ಪ್ರಮಾಣದ ವಿಟಮಿನ್ 'ಎ' ವೈದ್ಯರ ನಿಗಾ ಇಲ್ಲದೆ ತೆಗೆದುಕೊಳ್ಳುವಂಥದ್ದೂ ಅಲ್ಲ. ಗರ್ಭಿಣಿಯರಿಗಂತೂ ಮಗುವಿಗೇ ಅಪಾಯ.

ಇನ್ನೊಂದು ಕತೆ ಫಿನ್‌ಲೆಂಡಿನದ್ದು. ಅಲ್ಲಿ ಸುಮಾರು 29 ಸಾವಿರ ಧೂಮಪಾನಿ ಗಂಡಸರ ಮೇಲೆ ನಡೆದ ಪರೀಕ್ಷೆಯಲ್ಲಿ ಬೀಟಾ ಕ್ಯಾರೋಟಿನ್ ಮಾತ್ರೆ ತಿಂದವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇಕಡಾ 18ರಷ್ಟು ಹೆಚ್ಚೇ ಬಂತು. ಇದು ಪ್ರಕಟವಾದದ್ದು 1994ರಲ್ಲಿ. ಕ್ಯಾರೆಟ್ ತಿಂದರೆ ಹೀಗಾಗುವುದಿಲ್ಲ. ಸೊಪ್ಪು-ಹಣ್ಣಿನಲ್ಲಿ ನೂರಾರು ಅಂಶಗಳು ಹಿತಮಿತವಾಗಿ ಸೇರಿರುತ್ತವೆ. ಮಾತ್ರೆಯಲ್ಲಿ ಒಂದೇ ವಸ್ತು, ಅದೂ ಅತಿಯಾಗಿ.

ಬಾಯಿ ಬಿಗಿದವರಿಗೆ ವೈದ್ಯರು ಲೈಕೋಪೀನ್ ಮುಂತಾದ ಮಾತ್ರೆ ಬರೆದುಕೊಡುವುದುಂಟು. ವೈದ್ಯರು ನೋಡಿ ಬರೆದರೆ ತೆಗೆದುಕೊಳ್ಳಿ. ಆದರೆ ಅಡಿಕೆ ಬಿಡದೆ ಮಾತ್ರೆ ನುಂಗುವುದು ಅಂದರೆ ಒಂದು ಕೈಯಲ್ಲಿ ನೀರು ಹಾಕುತ್ತಾ ಇನ್ನೊಂದು ಕೈಯಲ್ಲಿ ಸೀಮೆಎಣ್ಣೆ ಸುರಿದ ಹಾಗೆ. ಬಾಟಲಿ ಜ್ಯೂಸಿಗಂತೂ ಸಾಲ ಮಾಡಬೇಡಿ. ಅದರ ದೊಡ್ಡ ನಷ್ಟ ಹಣವಲ್ಲ, ಕಳೆದುಹೋದ ತಿಂಗಳುಗಳು.

ಕನ್ನಡಿ ಮುಂದೆ ಎರಡು ನಿಮಿಷ

ತಿಂಗಳಿಗೊಮ್ಮೆ ಬೆಳಕಿನಲ್ಲಿ ಕನ್ನಡಿ ಹಿಡಿದು ಬಾಯಿ ನೋಡಿಕೊಳ್ಳಿ. ಎರಡೂ ಕೆನ್ನೆಯ ಒಳಭಾಗ, ತುಟಿಯ ಒಳಗೆ, ನಾಲಿಗೆಯ ಮೇಲೆ, ಎರಡು ಅಂಚು, ನಾಲಿಗೆ ಎತ್ತಿ ಅದರ ಕೆಳಗೆ. ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹೋಗುತ್ತದೆಯೇ ನೋಡಿ.

ಈ ಕೆಳಗಿನ ಯಾವುದು ಕಂಡರೂ ತಡಮಾಡದೆ ದಂತವೈದ್ಯರ ಬಳಿ ಹೋಗಿ:

- ಎರಡು-ಮೂರು ವಾರವಾದರೂ ಮಾಯದ ಹುಣ್ಣು, ನೋವಿಲ್ಲದಿದ್ದರೂ ಸರಿ
- ಒರೆಸಿದರೂ ಹೋಗದ ಬಿಳಿ ಮಚ್ಚೆ, ಅಥವಾ ಕೆಂಪು ಮಚ್ಚೆ
- ಖಾರ ತಿಂದರೆ ಉರಿ, ಬಾಯಿ ಮೂರು ಬೆರಳು ತೆರೆಯದಿರುವುದು
- ಬಾಯಲ್ಲಿ ಅಥವಾ ಕುತ್ತಿಗೆಯಲ್ಲಿ ಗಂಟು
- ಕಾರಣವಿಲ್ಲದೆ ಅಲ್ಲಾಡುವ ಹಲ್ಲು, ನುಂಗಲು ಕಷ್ಟ, ನಾಲಿಗೆ ಮರಗಟ್ಟುವುದು
- ಚೆನ್ನಾಗಿ ಉಜ್ಜಿ, ಹಣ್ಣು-ಸೊಪ್ಪು ತಿಂದರೂ ಎರಡು ವಾರದಲ್ಲಿ ನಿಲ್ಲದ ವಸಡಿನ ರಕ್ತ

"ನೋವಿಲ್ಲ, ಹಾಗಾಗಿ ಏನಿಲ್ಲ" ಎನ್ನಬೇಡಿ. ಬಾಯಿಯ ಕ್ಯಾನ್ಸರ್ ಆರಂಭದಲ್ಲಿ ಹೆಚ್ಚಾಗಿ ನೋಯುವುದೇ ಇಲ್ಲ. ಆಗಲೇ ಹಿಡಿದರೆ ಗುಣವಾಗುವ ಸಾಧ್ಯತೆ ಹೆಚ್ಚು. ಸರ್ಕಾರಿ ತಾಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ತೋರಿಸಬಹುದು. ದಂತ ವೈದ್ಯಕೀಯ ಕಾಲೇಜುಗಳಲ್ಲಿ ಖರ್ಚು ಕಡಿಮೆ.

ಸಂಘದಲ್ಲಿ ನಾವು ಮಾಡಬಹುದಾದದ್ದು

1. ಪ್ರತಿ ಮನೆಯ ಹಿತ್ತಲಿನಲ್ಲಿ ಒಂದು ನುಗ್ಗೆ, ಒಂದು ಸೀಬೆ, ಒಂದು ಪಪ್ಪಾಯಿ. ನುಗ್ಗೆಗೆ ಒಂದು ಕೊಂಬೆ ನೆಟ್ಟರೆ ಸಾಕು. ಪಾತ್ರೆ ತೊಳೆದ ನೀರು ಹೋಗುವ ಕಡೆ ಬಸಳೆ ಹಬ್ಬಿಸಿ.

2. ಬೆಳಿಗ್ಗೆ ಮತ್ತು ರಾತ್ರಿ ಮೆತ್ತನೆ ಬ್ರಷ್, ಫ್ಲೋರೈಡ್ ಇರುವ ಪೇಸ್ಟ್. ಇದ್ದಿಲು, ಇಟ್ಟಿಗೆ ಪುಡಿ, ನಶ್ಯ ಬೇಡ. ರಕ್ತ ಬರುತ್ತದೆಂದು ಉಜ್ಜುವುದನ್ನು ನಿಲ್ಲಿಸಬೇಡಿ. ಅಲ್ಲೇ ಇನ್ನೂ ಮೆಲ್ಲಗೆ, ಚೆನ್ನಾಗಿ ಉಜ್ಜಿ.

3. ಸಂಘದ ಸಭೆಯಲ್ಲಿ ಎಲೆ-ಅಡಿಕೆ ತಟ್ಟೆಯ ಬದಲು ಉಪ್ಪು ಹಚ್ಚಿ ಒಣಗಿಸಿದ ನೆಲ್ಲಿಕಾಯಿ, ಸೋಂಪು, ಹುರಿದ ಕಡಲೆಕಾಯಿ ಇಡಿ.

4. ಬಿಡಲು ಮನಸ್ಸು ಮಾಡಿದವರನ್ನು ಹಂಗಿಸಬೇಡಿ. ಮೊದಲ ಕೆಲವು ದಿನ ತಲೆನೋವು, ಸಿಟ್ಟು, ನಿದ್ದೆ ಇಲ್ಲದಿರುವುದು ಸಹಜ. ಎರಡು-ಮೂರು ವಾರದಲ್ಲಿ ಕಡಿಮೆಯಾಗುತ್ತದೆ. ಬಾಯಿಗೆ ಏಲಕ್ಕಿ, ಲವಂಗ, ಸೋಂಪು ಇರಲಿ. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356. ಕರೆ ಉಚಿತ.

5. ತಪಸ್ಸುಕಾಲದ 40 ದಿನ ಮಾಂಸ ಬಿಡುವವರು ನಮ್ಮಲ್ಲಿ ಬಹಳ. ಈ ಸಲ ಅದರ ಜೊತೆಗೆ ಎಲೆ-ಅಡಿಕೆ, ಹೊಗೆಸೊಪ್ಪನ್ನೂ ಬಿಟ್ಟು ನೋಡಿ. ನಲವತ್ತು ದಿನ ಬಿಟ್ಟವರಿಗೆ ನಲವತ್ತೊಂದನೆಯ ದಿನ ಅಷ್ಟು ಕಷ್ಟವಲ್ಲ. ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದ ಅಕ್ಕ-ತಂಗಿಯರಿದ್ದೀರಿ. ನಿಮ್ಮ ನಿಮ್ಮ ವ್ರತ, ಉಪವಾಸದ ದಿನಗಳಲ್ಲಿ ಇದೇ ಸಂಕಲ್ಪ ಮಾಡಬಹುದು. ಉಳಿದ ದುಡ್ಡನ್ನು ಒಂದು ಡಬ್ಬಿಗೆ ಹಾಕಿ. ಎಷ್ಟಾಯಿತು ಎಂದು ಎಣಿಸಿದಾಗ ನಿಮಗೇ ಆಶ್ಚರ್ಯವಾಗುತ್ತದೆ.

ಕೊನೆಯದಾಗಿ, ಸಭೆ ಮುಗಿದ ಮೇಲೆ ನಿಂತಿದ್ದ ಆ ತಾಯಿಯ ಮನೆಯ ವಿಷಯ. ಅವರ ಯಜಮಾನರನ್ನು ಒಪ್ಪಿಸಿ ದಂತ ಕಾಲೇಜಿಗೆ ಕರೆದುಕೊಂಡು ಹೋಗಲು ಮೂರು ವಾರ ಬೇಕಾಯಿತು. ಅಲ್ಲಿ ಮಚ್ಚೆಯ ಸಣ್ಣ ತುಂಡು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಆಗಿರಲಿಲ್ಲ, ಆದರೆ ಆ ದಾರಿಯಲ್ಲಿತ್ತು. ಮಚ್ಚೆ ತೆಗೆದು ಹಾಕಿದರು. "ಇನ್ನು ಹೊಗೆಸೊಪ್ಪು ಮುಟ್ಟಿದರೆ ನಾವು ಏನೂ ಮಾಡೋಕಾಗಲ್ಲ" ಎಂದು ವೈದ್ಯರು ಕಟ್ಟುನಿಟ್ಟಾಗಿ ಹೇಳಿದರು. ಅವರು ಎರಡು ಸಲ ಬಿಟ್ಟು ಮತ್ತೆ ಹಿಡಿದರು, ಮೂರನೆಯ ಸಲ ಬಿಟ್ಟಿದ್ದಾರೆ. ಈಗಲೂ ಮೂರು ತಿಂಗಳಿಗೊಮ್ಮೆ ತೋರಿಸಲು ಹೋಗಬೇಕು. ಜ್ಯೂಸ್ ಬಾಟಲಿಯ ಸಾಲದ ಕೊನೆಯ ಕಂತನ್ನು ಆ ತಾಯಿ ಹೋದ ತಿಂಗಳು ಸಂಘಕ್ಕೆ ಕಟ್ಟಿದರು. ಮನೆ ಹಿಂದಿನ ನೆಲ್ಲಿಮರದ ಒಂದು ಚೀಲ ಕಾಯಿಯನ್ನೂ ಅದೇ ದಿನ ಸಭೆಗೆ ತಂದು ಎಲ್ಲರಿಗೂ ಹಂಚಿದರು. ಮರ ಅಲ್ಲೇ ಇತ್ತು, ಕಾಯಿ ಪ್ರತಿವರ್ಷ ಬಿದ್ದು ಕೊಳೆಯುತ್ತಿತ್ತಂತೆ.

ದೇವರು ಕೊಟ್ಟ ಕಾಯಿ-ಸೊಪ್ಪನ್ನು ತಟ್ಟೆಗೆ ತರೋಣ. ಕೇಡು ತರುವುದನ್ನು ಬಾಯಿಂದ ಹೊರಗಿಡೋಣ. ಮಚ್ಚೆ, ಹುಣ್ಣು ಕಂಡರೆ ನಾಚಿಕೆ ಬಿಟ್ಟು ತೋರಿಸೋಣ. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಈ ಹಾಳೆಯನ್ನು ಓದು ಬರುವವರು ಒಬ್ಬರು ಗಟ್ಟಿಯಾಗಿ ಓದಿ, ಉಳಿದವರಿಗೂ ಕೇಳಿಸಿ.